ಬೆನ್ನ ಹಿಂದಿನ ಮುಷ್ಟಿ

ಅತ್ತಿಗೆಯ ಬಲಗೈಯ ಕಿರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಮುರಿದದ್ದು ಸೊಟ್ಟಗೇ ಕೂಡಿಕೊಂಡಿತ್ತಂತೆ. ಮುಷ್ಟಿ ಹಿಡಿದರೆ ಉಳಿದ ಬೆರಳುಗಳೆಲ್ಲ ಒಳಗೆ ಸೇರಿ, ಅದೊಂದು ಮಾತ್ರ ಅರ್ಧ ಬಾಗಿ ಹೊರಗೆ ನಿಲ್ಲುತ್ತಿತ್ತು. ಆ ಕೈಯನ್ನು ನಾನು ಹೆಚ್ಚಾಗಿ ನೋಡಿದ್ದು ಹಿಂದಿನಿಂದ. ಅವಳು ಬಲೆಯ ಹತ್ತಿರ ನನಗೆ ಬೆನ್ನು ಮಾಡಿ, ಮೊಣಕಾಲು ತುಸು ಬಗ್ಗಿಸಿ, ಕೈಯನ್ನು ಸೊಂಟದ ಹಿಂದೆ ಇಟ್ಟುಕೊಂಡು ನಿಂತಿರುತ್ತಿದ್ದಳು. ನಾನು ಕೋರ್ಟಿನ ಕೊನೆಯ ಗೆರೆಯಾಚೆ ಚೆಂಡು ಹಿಡಿದು ನಿಂತು ಆ ಬೆರಳುಗಳನ್ನು ನೋಡುತ್ತಿದ್ದೆ. ನೋಡಿದ ಮೇಲೆಯೇ ಸರ್ವಿಸ್ ಮಾಡುತ್ತಿದ್ದೆ.

ನಮ್ಮದು ದೇವಸಮುದ್ರದ ಹತ್ತಿರದ ಹಳ್ಳಿ. ಅಣ್ಣನ ಮದುವೆಯಾದಾಗ ನಾನು ಚಳ್ಳಕೆರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅತ್ತಿಗೆ ಗಡಿಯಾಚೆಯ ಊರಿನವಳು. ಅವಳ ಕನ್ನಡದ ನಡುನಡುವೆ ತೆಲುಗು ಬರುತ್ತಿತ್ತು. ನನ್ನನ್ನು ಇವತ್ತಿಗೂ ‘ಅಮ್ಮಾಯಿ’, ಅಂದರೆ ಹುಡುಗಿ, ಎಂದೇ ಕರೆಯುತ್ತಾಳೆ. ಒಂದು ಸಂಜೆ ನಾನು ಹಿತ್ತಲ ಗೋಡೆಗೆ ಚೆಂಡು ಹೊಡೆಯುತ್ತಿದ್ದೆ. ಪಾತ್ರೆ ತೊಳೆಯುತ್ತಿದ್ದ ಅವಳು ತಲೆಯೆತ್ತಿ, “ಮೊಣಕೈ ಮಡಚ್‌ಬ್ಯಾಡ ಅಮ್ಮಾಯಿ. ತೋಳು ಹಲಗೆ ಥರ ಇರ್ಬೇಕು” ಎಂದಳು. ಬೂದಿ ಹತ್ತಿದ ಕೈಯಲ್ಲೇ ಎದ್ದು ಬಂದು ತೋರಿಸಿದಳು. ತವರಿನಲ್ಲಿ ಕಾಲೇಜು ತಂಡಕ್ಕೆ ವಾಲಿಬಾಲ್ ಆಡುತ್ತಿದ್ದಳೆಂಬುದು ಆವತ್ತೇ ನಮಗೆ ಗೊತ್ತಾದದ್ದು. ಅಣ್ಣನಿಗೂ ಅದೇ ಮೊದಲು.

ಮರಳಿನ ಮೇಲೆ ಇಬ್ಬಿಬ್ಬರೇ ಆಡುವ ಆಟಕ್ಕೆ ಬೀಚ್ ವಾಲಿಬಾಲ್ ಎನ್ನುತ್ತಾರೆ. ನಮಗೆ ಬೀಚ್ ಗೊತ್ತಿರಲಿಲ್ಲ, ಊರ ಹಿಂದಿನ ಹಳ್ಳ ಗೊತ್ತಿತ್ತು. ಅದರಲ್ಲಿ ನೀರು ಕಾಣುವುದು ಅಪರೂಪ, ಮರಳು ಸದಾ. ಎರಡು ಜಾಲಿ ಕಂಬ ಹೂಳಿ, ರಾತ್ರಿ ಕುರಿಗಳನ್ನು ಕೂಡಿಹಾಕುವ ಬಲೆಯನ್ನು ಅವಕ್ಕೆ ಕಟ್ಟುತ್ತಿದ್ದೆವು. ಅತ್ತಿಗೆ ಚೂಡಿದಾರದ ಮೇಲೆ ಅಣ್ಣನ ಹಳೆಯ ಅಂಗಿ ತೊಟ್ಟು, ತಾಳಿಯನ್ನು ಒಳಗಡೆ ಪಿನ್ನು ಹಾಕಿ ಸಿಕ್ಕಿಸಿಕೊಂಡು ಬರುತ್ತಿದ್ದಳು. ಕುರಿಗಳು ಮೇಯ್ದು ತಿರುಗಿ ಬರುವ ಹೊತ್ತಿಗೆ ಅವ್ವ ದಂಡೆಯ ಮೇಲಿಂದ ಕೂಗುತ್ತಿದ್ದಳು: “ಬಲೆ ಬಿಚ್ರೇ! ಕುರಿಗೇನು ನಿಮ್ಮ ಆಟ ನೋಡೋ ಕೆಲಸ ಐತಾ?”

ಇಬ್ಬರ ಆಟದಲ್ಲಿ ಬ್ಲಾಕ್ ಹಾಕುವುದು, ಅಂದರೆ ಎದುರಿನವರ ಹೊಡೆತವನ್ನು ಬಲೆಯ ಮೇಲೆಯೇ ಕೈಯೊಡ್ಡಿ ತಡೆಯುವುದು, ದುಬಾರಿಯ ಕೆಲಸ. ಒಬ್ಬಳು ಹಾರಿದರೆ ಹಿಂದಿನ ಜಾಗವೆಲ್ಲ ಇನ್ನೊಬ್ಬಳ ಪಾಲಿಗೆ. ಹಾರುವುದು ಎಲ್ಲರಿಗೂ ಬರುತ್ತದೆ, ಹಾರದೆ ಇರುವುದನ್ನು ಕಲಿಯಬೇಕು ಎನ್ನುತ್ತಿದ್ದಳು ಅತ್ತಿಗೆ. ಎದುರಿನವರಿಗೆ ಚೆಂಡು ಬಲೆಯ ಪಕ್ಕದಲ್ಲೇ ಎದ್ದರೆ ಅವಳು ಹಾರುತ್ತಿದ್ದಳು. ದೂರ ಎದ್ದರೆ ಅದು ಜೋರಾಗಿ ಬರುವುದಿಲ್ಲ. ಬಿಟ್ಟು ಹಿಂದೆ ಸರಿದು ಇಬ್ಬರೂ ಕಾಯಬೇಕು. ನನ್ನ ಸರ್ವಿಸ್ ಎಲ್ಲಿ ಬೀಳುತ್ತದೆ, ಅದನ್ನೆತ್ತಲು ಯಾರು ಓಡಬೇಕು, ಆಮೇಲೆ ಚೆಂಡು ಎಲ್ಲಿ ಏಳುತ್ತದೆ ಎಂಬುದನ್ನು ಮೊದಲೇ ಯೋಚಿಸಿ ಬೆನ್ನ ಹಿಂದೆ ಸನ್ನೆ ಕೊಡುತ್ತಿದ್ದಳು. ಬೆರಳು ತೋರಿದರೆ ಹಾರುತ್ತಾಳೆ. ಆಗ ನಾನು ಅವಳ ಹಿಂದಿನ ಖಾಲಿ ಜಾಗಕ್ಕೆ ಮುಂದೆ ಓಡಬೇಕು. ಮುಷ್ಟಿ ತೋರಿದರೆ ಹಾರುವುದಿಲ್ಲ. ನಾನು ನನ್ನ ಅರ್ಧದಲ್ಲೇ, ಹಿಂದೆಯೇ ನಿಲ್ಲಬೇಕು. ಮುಷ್ಟಿಗೆ ಅವಳು ಇಟ್ಟ ಹೆಸರು ‘ಪೋನೀ’. ತೆಲುಗಿನಲ್ಲಿ ಹಾಗೆಂದರೆ ಹೋಗಲಿ ಬಿಡು.

ಈ ಸನ್ನೆ ಹಳ್ಳದಿಂದ ಮನೆಗೂ ಬಂತು. ಒಮ್ಮೆ ಬಸ್ ತಪ್ಪಿ ನಾನು ಕತ್ತಲಾದ ಮೇಲೆ ಮನೆ ಸೇರಿದೆ. ಅಣ್ಣ ಹೊಸ್ತಿಲಲ್ಲೇ ಶುರು ಮಾಡಿದ. “ಕಾಲೇಜು ಓದಿ ಯಾವ ಕಚೇರಿ ಆಳ್ಬೇಕಾಗೈತೆ ಇವ್ಳು? ನಾಳಿಂದ ಬ್ಯಾಡ, ಸಾಕು.” ನನ್ನ ನಾಲಗೆಯ ತುದಿಯಲ್ಲಿ ಮಾತಿತ್ತು. ಅತ್ತಿಗೆ ನೀರಿನ ಚೊಂಬು ಹಿಡಿದು ನಮ್ಮಿಬ್ಬರ ನಡುವೆ ಬಂದು ನಿಂತಳು. ಮುಖ ಅಣ್ಣನ ಕಡೆಗೆ, ಬೆನ್ನು ನನ್ನ ಕಡೆಗೆ. ಇನ್ನೊಂದು ಕೈ ಹಿಂದಕ್ಕೆ ಬಂತು. ಮುಷ್ಟಿ. ನಾನು ಮಾತು ನುಂಗಿದೆ. ಅಣ್ಣ ಇನ್ನೊಂದಿಷ್ಟು ಕೂಗಾಡಿ, ನೀರು ಕುಡಿದು ತಣ್ಣಗಾದ. ಒಳಗೆ ಬಂದು ಅತ್ತಿಗೆ ಪಿಸುಗುಟ್ಟಿದಳು: “ಅದು ಹೊಡೆಯೋ ಚೆಂಡಲ್ಲ ಅಮ್ಮಾಯಿ. ತಾನೇ ಬೀಳ್ತದೆ.”

ಆ ಬೇಸಿಗೆ ಚಳ್ಳಕೆರೆಯಲ್ಲಿ ಹೆಂಗಸರ ಜೋಡಿ ಪಂದ್ಯ ಇಟ್ಟರು. ಗೆದ್ದ ಜೋಡಿ ಕರಾವಳಿಗೆ ಹೋಗಿ ಸಮುದ್ರದ ಮರಳಿನಲ್ಲಿ ಆಡುವುದೆಂದಿತ್ತು. ಸೊಸೆಯನ್ನು ಕಳಿಸಲು ಅವ್ವ ಒಪ್ಪುವಳೆಂದು ನಾವಂದುಕೊಂಡಿರಲಿಲ್ಲ. ಅಪ್ಪ ಹೋದ ಮೇಲೆ ಒಂಟಿಯಾಗಿ ಕುರಿ ಕಾಯ್ದವಳು ಅವ್ವ, ಕಾವಲಿನಲ್ಲಿ ತೋಳಕ್ಕೆ ಎದುರು ನಿಂತವಳು. ಅವಳ ಲೆಕ್ಕದಲ್ಲಿ ಜನರಲ್ಲಿ ಎರಡೇ ಬಗೆ: ನಿಲ್ಲುವವರು, ಓಡುವವರು. “ಹೋಗು” ಎಂದಳು ಅತ್ತಿಗೆಗೆ. “ಸೋತ್ರೆ ಸೋಲು. ಹೆದ್ರಿಕಂಡು ಬಂದೆ ಅಂದ್ರೆ ಮಾತ್ರ ಬಲೆ ಮುಟ್ಟಂಗಿಲ್ಲ.”

ಟ್ರ್ಯಾಕ್ಟರಿನಲ್ಲಿ ಮರಳು ತಂದು ಸುರಿದ ಕೋರ್ಟು. ಸುತ್ತ ಜನ, ಅವರ ನಡುವೆ ಅಣ್ಣ, ನಮ್ಮೂರಿನ ಕೆಲವರು. ಕೊನೆಯ ಪಂದ್ಯ ಕೊನೆಯವರೆಗೂ ಸಮಸಮವಾಗಿ ಬಂದು, ಎದುರಿನವರಿಗೆ ಒಂದೇ ಅಂಕ ಬೇಕು ಎನ್ನುವಲ್ಲಿಗೆ ನಿಂತಿತು. ಸರ್ವಿಸ್ ನನ್ನದು. ಜನ ಕೂಗುತ್ತಿದ್ದರು: “ಹಾರಮ್ಮೋ! ಬ್ಲಾಕ್ ಹಾಕು! ಬಿಡಬ್ಯಾಡ!”

ಅತ್ತಿಗೆಯ ಕೈ ಹಿಂದಕ್ಕೆ ಬಂತು. ಮುಷ್ಟಿ.

ಸೊಟ್ಟ ಕಿರುಬೆರಳು ಹೊರಗೆ ನಿಂತಿತ್ತು, ಅದನ್ನು ಬೆರಳಿನ ಸನ್ನೆಯೆಂದು ತಿಳಿದೆ ಎಂದು ನಾನು ಹೇಳಿಕೊಳ್ಳಬಹುದು. ಹಾಗಾಗಲಿಲ್ಲ. ಅದು ಮುಷ್ಟಿಯೆಂದು ನನಗೆ ಗೊತ್ತಿತ್ತು. ಇಂಥ ಹೊತ್ತಿನಲ್ಲಿ, ಇಷ್ಟು ಜನ ಕೂಗುತ್ತಿರುವಾಗ ಯಾರಾದರೂ ಹಾರದೆ ಇರುತ್ತಾರೆಯೇ ಎಂದುಕೊಂಡೆ. ಸರ್ವಿಸ್ ಮಾಡಿ, ಅವಳ ಹಿಂದಿನ ಜಾಗಕ್ಕೆ ಮುಂದೆ ಓಡಿದೆ.

ಅವಳು ಎಣಿಸಿದ್ದೇ ಆಗಿತ್ತು. ಎದುರಿನವರಿಗೆ ಚೆಂಡು ಬಲೆಯಿಂದ ದೂರ ಎದ್ದಿತು. ಹೊಡೆಯಲಾಗದೆ ಅವರಲ್ಲೊಬ್ಬಳು ಅದನ್ನು ಅಂಗೈಯಿಂದ ಮೆಲ್ಲಗೆ ಎತ್ತಿ ತಳ್ಳಿದಳು. ಅತ್ತಿಗೆ ಹಿಂದಕ್ಕೆ ಬರುತ್ತಿದ್ದಳು, ನಾನು ಮುಂದಕ್ಕೆ ಹೋಗುತ್ತಿದ್ದೆ. ಭುಜಕ್ಕೆ ಭುಜ ತಾಗಿ ಇಬ್ಬರೂ ಬಿದ್ದೆವು. ನಾನು ಬಿಟ್ಟುಬಂದ ಜಾಗದಲ್ಲಿ, ನಿಂತಿದ್ದರೆ ನನ್ನ ಕೈಗೇ ಬರುವಂತೆ, ಚೆಂಡು ಬಿತ್ತು.

“ಲೇ, ಓಡಿ ಬಂದ್ಲು ನೋಡ್ಲೇ! ಚೆಂಡು ನೋಡಿ ಹಿಂದಕ್ಕೆ ಓಡಿದ್ಲು ಆಯಮ್ಮ!” ಯಾರೋ ನಕ್ಕರು. “ಹುಡುಗಿ ಪಾಪ ಮುಂದಕ್ಕೆ ನುಗ್ಗಿತ್ತು. ಆಯಮ್ಮನೇ ಅಡ್ಡ ಬಂದ್ಲು.” ಮರಳಿನಲ್ಲಿ ಕೂತಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅತ್ತಿಗೆ ನನ್ನ ಕೈ ಹಿಡಿದು ಎಬ್ಬಿಸಿ, “ಏಟಾಯ್ತಾ?” ಎಂದಷ್ಟೇ ಕೇಳಿದಳು.

ಸಂಜೆ ಅವ್ವ ಅಂಗಳದಲ್ಲಿ ಕಾಯುತ್ತಿದ್ದಳು. ಅಣ್ಣ ಚಪ್ಪಲಿ ಬಿಡುತ್ತಲೇ ಹೇಳಿದ: “ಸೋತಿದ್ದು ಇರ್ಲಿ ಬಿಡವ್ವ. ಚೆಂಡು ಬರೋಕೆ ಮುಂಚೇನೇ ಹಿಂದಕ್ಕೆ ಓಡಿದ್ಲು. ಜನ ಎಲ್ಲಾ ನಕ್ರು.”

ಅವ್ವ ಅತ್ತಿಗೆಯ ಮುಖ ನೋಡಿದಳು. “ಹೌದೇನೇ? ಹೆದ್ರಿದೇನೇ?”

ನಾನು ಅತ್ತಿಗೆಯ ಹಿಂದೆ, ಒಂದು ಮಾರು ದೂರದಲ್ಲಿ ನಿಂತಿದ್ದೆ. ಆ ಸನ್ನೆ ಗೊತ್ತಿದ್ದವಳು ಜಗತ್ತಿನಲ್ಲಿ ನಾನೊಬ್ಬಳೇ. ಬಾಯಿ ತೆರೆದೆನೋ ಇಲ್ಲವೋ, ಅವಳ ಬಲಗೈ ಮೆಲ್ಲಗೆ ಹಿಂದಕ್ಕೆ ಬಂತು. ಮುಷ್ಟಿ, ಅದರಿಂದ ಹೊರಗೆ ಆ ಬೆರಳು. ನನ್ನ ತಪ್ಪೆಂದು ತಿಳಿದರೆ ಅಣ್ಣ ಆಟದ ಜೊತೆ ಕಾಲೇಜನ್ನೂ ಬಿಡಿಸುತ್ತಾನೆಂದು ಅವಳಿಗೆ ಅನ್ನಿಸಿರಬೇಕು. ನಾನು ಸುಮ್ಮನಾದೆ.

“ಬಲೆ ಇನ್ಮೇಲೆ ಕುರಿಗೆ” ಎಂದಳು ಅವ್ವ.

ಅತ್ತಿಗೆ ಬೇಡವೆಂದಳು, ಅದಕ್ಕೇ ಹೇಳಲಿಲ್ಲ. ಎಷ್ಟೋ ವರ್ಷ ನನಗೆ ನಾನೇ ಹೀಗೆ ಹೇಳಿಕೊಂಡೆ. ಕೋರ್ಟಿನಲ್ಲಿ ಅದೇ ಮುಷ್ಟಿಯನ್ನು ನಂಬದವಳು ಅಂಗಳದಲ್ಲಿ ತಕ್ಷಣ ನಂಬಿದೆ. ಅಲ್ಲಿ ನಂಬಿದ್ದರೆ ಸುಮ್ಮನೆ ನಿಲ್ಲಬೇಕಿತ್ತು. ಇಲ್ಲಿ ನಂಬಿದರೆ ನನಗೆ ಅನುಕೂಲವಿತ್ತು.

ಅತ್ತಿಗೆ ಮತ್ತೆ ಆಡಲಿಲ್ಲ. ಮರುವರ್ಷ ನಾನು ಕಾಲೇಜಿನ ಇನ್ನೊಬ್ಬ ಹುಡುಗಿಯ ಜೊತೆ ಆಡಿ ಗೆದ್ದು ಕರಾವಳಿಗೆ ಹೋಗಿಬಂದೆ. ಅತ್ತಿಗೆ ಸಮುದ್ರದ ಬಗ್ಗೆ ಏನೂ ಕೇಳಲಿಲ್ಲ. “ಮರಳು ಹೆಂಗಿತ್ತು?” ಎಂದಳು. ಅಲೆಯ ಹತ್ತಿರ ಒದ್ದೆ, ಗಟ್ಟಿ, ಕಾಲು ಹೂತುಹೋಗುವುದಿಲ್ಲ ಎಂದೆ. “ಹಂಗಾದ್ರೆ ಹಾರಕ್ಕೆ ಸಲೀಸು” ಎಂದು ರೊಟ್ಟಿ ತಿರುವಿ ಹಾಕಿದಳು. ಈಗ ನಾನು ಚಳ್ಳಕೆರೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಯಾವಾಗ ಹಾರಬೇಕು, ಯಾವಾಗ ಬಿಡಬೇಕು ಎಂದು ನಾನು ಹೇಳಿಕೊಡುವುದೆಲ್ಲ ಅವಳದೇ ಮಾತು. ಯಾರ ಮಾತೆಂದು ಮಕ್ಕಳು ಕೇಳಿಲ್ಲ, ನಾನೂ ಹೇಳಿಲ್ಲ.

ಹೋದ ಬಿತ್ತನೆಯ ಕಾಲದಲ್ಲಿ ಊರಿಗೆ ಹೋಗಿದ್ದೆ. ಅವ್ವ, ಅತ್ತಿಗೆ, ನಾನು ಪಡಸಾಲೆಯಲ್ಲಿ ಕೂತು ಬೀಜಕ್ಕೆ ಶೇಂಗಾ ಸುಲಿಯುತ್ತಿದ್ದೆವು. ಚೀಲದಿಂದ ಚೇಳೊಂದು ಹೊರಬಿತ್ತು. ಅತ್ತಿಗೆ ಹಿಂದಕ್ಕೆ ಜಿಗಿದಳು. ಅವ್ವ ಕೂತಲ್ಲೇ ಅದನ್ನು ಚಪ್ಪಲಿಯಿಂದ ಹೊಸಕಿಹಾಕಿ ನಕ್ಕಳು. “ಅವತ್ತೂ ಹಿಂಗೇ ಓಡಿದ್ಲಂತಲ್ಲ, ಚಳ್ಳಕೆರೆಲಿ. ಓಡೋ ಕಾಲು ಇವು.”

ಅತ್ತಿಗೆಯೂ ನಕ್ಕಳು. ಆ ನಗು ನೋಡಲಾಗದೆ ಹೇಳಿದೆ: “ಅವತ್ತು ಅತ್ತಿಗೆ ಓಡ್ಲಿಲ್ಲವ್ವ. ಹಿಂದಕ್ಕೆ ಬರ್ತೀನಿ ಅಂತ ನಂಗೆ ಮೊದ್ಲೇ ಸನ್ನೆ ಮಾಡಿದ್ಲು. ನಾನೇ ನಂಬ್ದೆ ಮುಂದಕ್ಕೆ ಓಡಿದೆ.”

ಅವ್ವನ ಕೈ ನಿಂತಿತು. “ಹೆದ್ರಿದ್ದಲ್ವಾ?”

“ಅಲ್ಲವ್ವ. ಅಣ್ಣ ನನ್ನ ಕಾಲೇಜು ಬಿಡಿಸ್ತಾನೆ ಅಂತ ಹೇಳ್ಲಿಲ್ಲ.”

ಅವ್ವ ಸೊಸೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಇಷ್ಟೇನಾ? ಇದನ್ನ ಅವತ್ತೇ ಅಂದಿದ್ರೆ ನಾನ್ಯಾಕೆ ಬಲೆ ಬಿಚ್ಚಿಸ್ತಿದ್ದೆ? ನಿನ್ನ ಕಾಲೇಜು ಬಿಡ್ಸೋಕೂ ನಾನು ಬಿಡ್ತಿರ್ಲಿಲ್ಲ ಕಣೇ.”

ಅತ್ತಿಗೆ ಸುಲಿದ ಬೀಜವನ್ನೆಲ್ಲ ಮೊರಕ್ಕೆ ತುಂಬಿಕೊಂಡು ಎದ್ದಳು. ನನಗೆ ಬೆನ್ನು ಮಾಡಿ ಒಳಗೆ ನಡೆದಳು. ಹಳೆಯ ಅಭ್ಯಾಸ, ನನ್ನ ಕಣ್ಣು ಅವಳ ಸೊಂಟದ ಹಿಂದಕ್ಕೆ ಹೋಯಿತು. ಎರಡೂ ಕೈಯಲ್ಲಿ ಮೊರ ಹಿಡಿದಿದ್ದಳು. ಅಲ್ಲಿ ಸನ್ನೆ ಏನೂ ಇರಲಿಲ್ಲ.