ಜಯತ್ತೆ ಟೇಪು ಮಾಡಿದ ಹಾಡುಗಳು

ಹತ್ತಿಗೆ ಸ್ಪಿರಿಟ್ ಹಚ್ಚಿ ಟೇಪ್ ರೆಕಾರ್ಡರಿನ ಹೆಡ್ ಒರೆಸುವಾಗ ಏಳುವ ಆ ತಣ್ಣನೆಯ, ಮೂಗು ಚುರುಗುಟ್ಟಿಸುವ ವಾಸನೆ ನಿಮಗೆ ಗೊತ್ತಿದ್ದರೆ ನೀವು ನನ್ನ ಓರಗೆಯವರೇ. ಮೊನ್ನೆ ಶಿವಾಜಿನಗರದ ಗಲ್ಲಿಯೊಂದರ ರಿಪೇರಿ ಅಂಗಡಿಯಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ಹಲಸೂರಿನ ನಮ್ಮ ಹೆಂಚಿನ ಮನೆ, ಅದರ ಕೆಂಪು ಗಾರೆ ನೆಲ, ಆ ನೆಲದ ಮೇಲೆ ರೇಡಿಯೊ ಎದುರು ಕಾಲು ಮಡಚಿ ಕೂತ ಜಯತ್ತೆ, ಎಲ್ಲ ಒಟ್ಟಿಗೇ ಬಂದು ನಿಂತವು. ಜಯತ್ತೆ ಅಪ್ಪನ ತಂಗಿ. ತಾಯಿ ಇಲ್ಲದ ನನ್ನನ್ನು ಬೆಳೆಸಿದವಳು. ಹಳೆಯ ಸಿನಿಮಾ ಹಾಡೆಂದರೆ ಅವಳಿಗೆ ಹುಚ್ಚು. ದೋಸೆ ಹುಯ್ಯುತ್ತಾ, ಬಟ್ಟೆ ಹಿಂಡುತ್ತಾ, ನನ್ನ ತಲೆ ಬಾಚುತ್ತಾ ಹಾಡುತ್ತಲೇ ಇರುತ್ತಿದ್ದಳು. ಮೇಲಿನ ಸ್ವರಕ್ಕೆ ಹೋದಾಗ ದನಿ ತುಸು ಒಡೆಯುತ್ತಿತ್ತು. ನನಗೆ ಆ ಒಡಕೇ ಇಷ್ಟ.

ಟೇಪ್ ರೆಕಾರ್ಡರನ್ನು ಅವಳು ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ದಿನ ನಾನೂ ಜೊತೆಗಿದ್ದೆ. ಬೇಡವೇ ಬೇಡವೆಂದು ಹೊರಟು, ಅಂಗಡಿಯವನೇ ಹಿಂದೆ ಓಡಿ ಬರುವಂತೆ ಮಾಡಿದಳು. "ಬೇಕು ಅನ್ನೋದು ಮುಖದಲ್ಲಿ ಕಾಣ್ಬಾರ್ದು ಕಣೋ, ಕಂಡ್ರೆ ಕೆಟ್ಟೆ," ಎಂದಳು. ಆ ಒಂದು ಮಾತಿನ ಬಂಡವಾಳದ ಮೇಲೆಯೇ ನಾನು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ವ್ಯಾಪಾರ ಮಾಡಿ ಮೇಲೆ ಬಂದೆ. ನೀವೂ ನೆನಪಿಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತದೆ.

ರೇಡಿಯೊದ ಬಾಯಿಗೆ ಟೇಪ್ ರೆಕಾರ್ಡರಿನ ಕಿವಿ ಹಿಡಿದು ಹಾಡು ತುಂಬಿಕೊಳ್ಳುತ್ತಿದ್ದ ಕಾಲ ಅದು. ಕೋಣೆಯಲ್ಲಿ ಏನು ಸದ್ದಾದರೂ ಹಾಡಿನೊಳಗೆ ಕೂತುಬಿಡುತ್ತಿತ್ತು. ರೇಡಿಯೊದಲ್ಲಿ ಹಾಡು ಬರುವ ಹೊತ್ತಾದರೆ ಅತ್ತೆ ಸ್ಟೌ ಆರಿಸುತ್ತಿದ್ದಳು, ಬಳೆಗಳನ್ನು ಮೊಣಕೈವರೆಗೆ ಏರಿಸಿ ಬಿಗಿಯುತ್ತಿದ್ದಳು, ಅಪ್ಪನನ್ನು ಕೆಮ್ಮಿನ ಸಮೇತ ಹೊರಗೆ ಕಳಿಸುತ್ತಿದ್ದಳು. ಪಕ್ಕದ ಮನೆಯ ಸೆಲ್ವಿಯಮ್ಮ ಕಿಟಕಿಯಲ್ಲಿ ಇಣುಕಿ, "ಏನ್ ಜಯಾ, ಇವತ್ತೂ ನಿಮ್ಮನೇಲಿ ಕರ್ಫ್ಯೂನಾ? ಅಯ್ಯೋ ಕಡವುಳೇ, ನಿಮ್ಮಣ್ಣ ಪಾಪ ಬೀದೀಲಿ ಕೆಮ್ತಾ ನಿಂತವ್ರೆ!" ಎಂದು ರೇಗಿಸಿದರೆ, ಅತ್ತೆ ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಎಲ್ಲರಿಗಿಂತ ಕಷ್ಟ ಅವಳಿಗೇ. ಅಷ್ಟು ಪ್ರೀತಿಯ ಹಾಡು ಬರುವಾಗ ಅವಳು ಮಾತ್ರ ಹಾಡುವಂತಿರಲಿಲ್ಲ. "ನೀನೇ ಹಾಡತ್ತೆ, ಅದನ್ನೇ ಟೇಪ್ ಮಾಡೋಣ," ಎಂದು ಒಮ್ಮೆ ಕೇಳಿದ್ದೆ. "ಥೂ, ಈ ಗಂಟಲಿಗೆ ಕ್ಯಾಸೆಟ್ ದಂಡ ಯಾಕೋ!" ಎಂದು ತಲೆಗೆ ಮೊಟಕಿದಳು.

ನಾನು ಕಾಲೇಜು ಮುಗಿಸುವ ಮೊದಲೇ ಅವಳು ಹೋದಳು. ಆ ಮನೆಯ ಜಾಗದಲ್ಲೀಗ ಪೀಜಿ ಕಟ್ಟಡ. ಫೋಟೊಗಳಿವೆ, ದನಿ ಮಾತ್ರ ನನ್ನಿಂದ ಜಾರುತ್ತಿದೆ. ನೆನೆದಾಗ ಅವಳ ತುಟಿ ಆಡುತ್ತದೆ, ಸದ್ದಿಲ್ಲ. ಎರಡು ಹಾಡುಗಳ ನಡುವೆ ಎಲ್ಲಾದರೂ ಅವಳದೊಂದು ಮಾತು ಉಳಿದಿರಬಹುದೆಂದೇ ಕ್ಯಾಸೆಟ್ಟುಗಳ ಡಬ್ಬ ಹೊತ್ತು ಶಿವಾಜಿನಗರಕ್ಕೆ ಹೋದದ್ದು. ರಿಪೇರಿಯ ಭಾಯ್ ಒಂದೊಂದನ್ನೇ ಹಾಕಿ ಕೇಳಿಸಿದರು. ಹಾಡು, ಮೌನ, ಮತ್ತೆ ಹಾಡು. "ಬಹುತ್ ಸಾಫ್ ರೆಕಾರ್ಡಿಂಗ್ ಸಾಬ್, ಒಂದ್ ಸೌಂಡ್ ಬಂದಿಲ್ಲ ನೋಡಿ," ಎಂದು ಮೆಚ್ಚಿಕೊಂಡವರು ನನ್ನತ್ತ ತಿರುಗಿ ನೋಡಿ, ಡಬ್ಬದಲ್ಲಿ ಉಳಿದಿದ್ದ ಒಂದೇ ಕ್ಯಾಸೆಟ್ಟಿಗೆ ಕೈ ಹಾಕಿದರು. ಬೇಕು ಅನ್ನುವುದು ಮುಖದಲ್ಲಿ ಕಂಡುಬಿಟ್ಟಿತ್ತು.

ಕೊನೆಯ ಕ್ಯಾಸೆಟ್ಟಿನಲ್ಲಿ, ಗುಂಡಿ ಒತ್ತಿದ ಸದ್ದಾದ ಮೇಲೆ, ಹಾಡು ಶುರುವಾಗುವ ಮುನ್ನ, ಒಂದು ಉಸಿರು ಕೇಳಿತು. ಪಲ್ಲವಿ ಎತ್ತಿಕೊಳ್ಳಲು ಎದೆತುಂಬ ಎಳೆದುಕೊಂಡ ಉಸಿರು. ಅಭ್ಯಾಸಬಲದಿಂದ ಹಾಡಲು ಹೊರಟವಳು, ಟೇಪು ಓಡುತ್ತಿರುವುದು ನೆನಪಾಗಿ ತಡೆದುಕೊಂಡಿದ್ದಳು.

ನನ್ನ ಮಾತು ಕೇಳಿ. ನಿಮ್ಮ ಮನೆಯಲ್ಲಿ ಹಾಡಿನ ನಡುವೆ ಯಾರಾದರೂ ದನಿ ಸೇರಿಸಿದರೆ ಸುಮ್ಮನಿರಿಸಬೇಡಿ. ಅಪಸ್ವರವಾದರೂ ಸರಿ, ಹಾಡಲಿ. ನನಗಂತೂ ಹೊತ್ತು ಮೀರಿತು. ಟೇಪು ಸವೆದಿದೆ, ಪದೇ ಪದೇ ಹಾಕಬೇಡಿ ಎಂದಿದ್ದಾರೆ ಭಾಯ್. ಆದರೂ ಅಂಗಡಿ ಮುಚ್ಚಿ ಮನೆಗೆ ಬಂದು ಹಾಕುತ್ತೇನೆ. ಉಸಿರು ಒಳಗೆ ಹೋಗುತ್ತದೆ. ಕಾಯುತ್ತೇನೆ. ಆಮೇಲೆ ಬೇರೆ ಯಾರದೋ ದನಿ ಹಾಡತೊಡಗುತ್ತದೆ.