ಅಳೆಯದೇ ಬಿಟ್ಟ ಎಸೆತ

ಆ ದಿನಗಳಲ್ಲಿ ಕಾಲುವೆಯ ನೀರು ನಮ್ಮ ಹಚ್ಚೊಳ್ಳಿಗೆ ಎಲ್ಲರಿಗಿಂತ ತಡವಾಗಿ ಬರುತ್ತಿತ್ತು. ಮೇಲಿನ ಊರುಗಳಲ್ಲಿ ನೆಲ್ಲು ಹಸಿರಾಗಿ ನಿಂತಿರುವಾಗ ನಮ್ಮವರು ಇನ್ನೂ ಕೆಸರು ತುಳಿಯುತ್ತಿದ್ದರು. ಹಾಗಾಗಿ ನಮ್ಮ ನಾಟಿಯೂ ಶಾಲೆಯ ಕ್ರೀಡಾಕೂಟವೂ ಪ್ರತಿವರ್ಷ ಒಂದೇ ಹೊತ್ತಿಗೆ ಬಂದು ಡಿಕ್ಕಿ ಹೊಡೆಯುತ್ತಿದ್ದವು. ನಿಮ್ಮ ಊರಲ್ಲೂ ಹೊಲಕ್ಕೂ ಆಟಕ್ಕೂ ಇಂಥ ಜಗಳ ನಡೆದಿರುತ್ತದೆ. ಕೊನೆಗೆ ಯಾರು ಗೆಲ್ಲುತ್ತಿದ್ದರು ಎಂದು ನಾನು ಹೇಳಬೇಕಾಗಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ಮಾತ್ರ ಆ ಜಗಳದಲ್ಲಿ ನಾನೂ ಕೈಹಾಕಿದೆ.

ನಾಟಿಯಲ್ಲಿ ನನ್ನ ಕೆಲಸ ಸಸಿ ಎಸೆಯುವುದು. ಮಡಿಯಿಂದ ಕಿತ್ತ ಸಸಿಗಳನ್ನು ಹಿಡಿಗಾತ್ರದ ಕಟ್ಟು ಕಟ್ಟಿ ಬದುವಿನ ಮೇಲೆ ಅಲ್ಲಲ್ಲಿ ಗುಡ್ಡೆ ಹಾಕಿರುತ್ತಿದ್ದರು. ಕೆಸರಿನಲ್ಲಿ ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ನಾಟಿ ಮಾಡುತ್ತಿದ್ದರೆ, ನಾನು ಬದುವಿನ ಮೇಲೆ ನಿಂತು ಕಟ್ಟಿನ ತುದಿ ಹಿಡಿದು, ತೋಳನ್ನು ಪಕ್ಕದಿಂದ ಬೀಸಿ, ಒಬ್ಬೊಬ್ಬರ ಹಿಂದೆ ಒಂದೊಂದು ಕಟ್ಟು ಬೀಳುವಂತೆ ಎಸೆಯಬೇಕು. ಬೇರು ಕೆಳಗಾಗಿ ಬೀಳಬೇಕು, ಕೆಸರು ಯಾರ ಸೀರೆಗೂ ಸಿಡಿಯಬಾರದು. ನೀರು ಕುಡಿದ ಕಟ್ಟು ಭಾರ. ಎಸೆದ ರಭಸಕ್ಕೆ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಹೋದರೆ ಒಳ್ಳೆಯದೇ, ಮುಂದಿನ ಗುಡ್ಡೆ ಅಲ್ಲೇ ಇರುತ್ತಿತ್ತು. ಎಸೆ, ಮುಂದೆ ನಡೆ, ಬಗ್ಗು, ಎತ್ತು, ಮತ್ತೆ ಎಸೆ. ಎಂಟು ವರ್ಷದವಳಿದ್ದಾಗಿಂದ ಇದೇ ಮಾಡಿದ್ದೆ. ದೂರದ ಸಾಲಿನಲ್ಲಿರುತ್ತಿದ್ದ ಈರಮ್ಮ, ಹನ್ನೆರಡೂ ಜನರ ಮುಖ್ಯಸ್ಥೆ, ತಲೆ ಎತ್ತದೆಯೇ ಹಿಂದಕ್ಕೆ ಕೈಚಾಚಿ ನನ್ನ ಕಟ್ಟನ್ನು ಮುಟ್ಟುತ್ತಿದ್ದಳು. ಅವಳ ತವರು ಆಂಧ್ರದ ಗಡಿಯಾಚೆ. ನನ್ನನ್ನು ತೆಲುಗಿನಲ್ಲಿ ಅಮ್ಮಾಯಿ, ಹುಡುಗಿ, ಎಂದೇ ಕರೆಯುತ್ತಿದ್ದಳು.

ನಮ್ಮ ಶಾಲೆಗೆ ಆಟದ ಮೇಷ್ಟ್ರು ಇರಲಿಲ್ಲ. ಲೆಕ್ಕದ ಸರ್ ಆ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಒಂದು ದಿನ ಮೇಲಿನಿಂದ ಬಂದ ಸುತ್ತೋಲೆ ಹಿಡಿದು ಬಂದು ಹಲಗೆಯ ಮೇಲೆ ಬರೆದರು: ಓಟ, ಉದ್ದ ಜಿಗಿತ, ಎತ್ತರ ಜಿಗಿತ, ಗುಂಡು ಎಸೆತ, ಚಕ್ರ ಎಸೆತ, ಭರ್ಜಿ ಎಸೆತ, ಕುಸ್ತಿ, ಷಟಲ್, ಚೆಸ್.

"ಇಷ್ಟು ದಿನ ನೀವು ಆಡಿದ್ದು ಕಬಡ್ಡಿ, ಖೋಖೋ. ಸೋತ್ರ ಪಕ್ಕದಾಕಿನ್ನ ಬೈಕೊಂತ ಮನಿಗೆ ಹೋಗಬಹುದು. ಇವು ಒಬ್ರೇ ಆಡೋ ಆಟ. ಗೆದ್ರೂ ನೀನೇ, ಸೋತ್ರೂ ನೀನೇ" ಅಂದರು.

ಆಮೇಲೆ ಅವರು ಅದನ್ನೂ ಲೆಕ್ಕದ ಹಾಗೆ ಬಿಡಿಸಿದರು. ಕುಸ್ತಿ, ಷಟಲ್, ಚೆಸ್ಸಿನಲ್ಲಿ ಎದುರಿಗೆ ಒಬ್ಬರಿರುತ್ತಾರೆ, ಅವರ ತಪ್ಪು ನಿನಗೆ ಲಾಭ. ಓಟದಲ್ಲಿ ಪಕ್ಕಕ್ಕೆ ಇರುತ್ತಾರೆ, ಅವರ ಉಸಿರು ಕೇಳಿಸುತ್ತದೆ. ಜಿಗಿತ, ಎಸೆತಗಳಲ್ಲಿ ಎದುರಿಗೂ ಪಕ್ಕಕ್ಕೂ ಯಾರೂ ಇಲ್ಲ. ನೀನು, ನೆಲ, ಅಳತೆಯ ಟೇಪು.

ಹದಿನಾಲ್ಕು ಜನರಿದ್ದ ಮನೆ ನಮ್ಮದು. ನನ್ನ ಹೊದಿಕೆ ಅಕ್ಕನದೂ ಹೌದು, ನನ್ನ ಪುಸ್ತಕ ಕಳೆದ ವರ್ಷ ಅಣ್ಣನದಾಗಿತ್ತು. ನನ್ನ ಕೂದಲಿಗೆ ಹಾಕುವ ಎಣ್ಣೆಯನ್ನೂ ದೊಡ್ಡಮ್ಮ ಅಳೆದು ಕೊಡುತ್ತಿದ್ದಳು. ಇಡೀ ಜಗತ್ತಿನಲ್ಲಿ ನನ್ನೊಬ್ಬಳದೇ ಆಗುವ ವಸ್ತು ಒಂದಿದೆ ಎಂದು ಮೊದಲ ಸಲ ಕೇಳಿದ್ದು ಆ ದಿನ. ನನಗೆ ಅದು ಬೇಕೇಬೇಕಾಗಿತ್ತು.

ಚಕ್ರ ಎಸೆತಕ್ಕೆ ಹೆಸರು ಕೊಟ್ಟೆ. ಎಸೆಯುವ ಚಕ್ರ, ಶಾಲೆಯಲ್ಲಿದ್ದ ಒಂದೇ ಒಂದು ಡಿಸ್ಕಸ್ಸು, ಮೇಷ್ಟ್ರ ಕೋಣೆಯಲ್ಲಿ ಕುಡಿಯುವ ನೀರಿನ ಕೊಡದ ಮುಚ್ಚಳವಾಗಿತ್ತು. ಮರದ ಬಿಲ್ಲೆ, ಸುತ್ತ ತುಕ್ಕು ಹಿಡಿದ ಕಬ್ಬಿಣದ ಪಟ್ಟಿ. ಸರ್ ಅದನ್ನೆತ್ತಿ ಕೊಟ್ಟರು, ಕೊಡಕ್ಕೆ ತಟ್ಟೆ ಮುಚ್ಚಿದರು. ವೃತ್ತ ಬರೆಯುವಷ್ಟು ಸುಣ್ಣವಿರಲಿಲ್ಲ, ಒಂದು ಅಡ್ಡಗೆರೆ ಎಳೆದರು. "ಒಗಿಯೋ ಮುಂದ ಗೆರಿ ತುಳೀಬಾರದು ನೋಡು" ಅಂದರು. ನಾನು ಸಸಿಕಟ್ಟು ಎಸೆದಂತೆಯೇ ಬೀಸಿದೆ. ಬಿಲ್ಲೆ ಶಾಲೆಯ ಬೇಲಿಯಾಚೆ ತೊಗರಿ ಹೊಲಕ್ಕೆ ಹೋಗಿ ಬಿತ್ತು. ಸರ್ ಬಹಳ ಹೊತ್ತು ಅದು ಬಿದ್ದ ಕಡೆಯೇ ನೋಡಿದರು. "ಲೇ ಹುಲಿಗೆಮ್ಮ, ಮುಚ್ಚಳ ಹುಡುಕ್ಕೊಂಡು ಬಾ" ಅಂದರು. ಅದೇ ನನಗೆ ಸಿಕ್ಕ ಮೊದಲ ಮೆಚ್ಚುಗೆ.

ಸಿರುಗುಪ್ಪದಲ್ಲಿ ತಾಲ್ಲೂಕು ಕೂಟ. ಹಿಂದಿನ ದಿನದ ಮಳೆಗೆ ಸುಣ್ಣದ ವೃತ್ತ ತೊಳೆದುಹೋಗಿತ್ತು, ನನ್ನ ಜೊತೆ ಸ್ಪರ್ಧೆಗಿದ್ದದ್ದು ಒಬ್ಬಳೇ ಹುಡುಗಿ. ನಾನು ಎಸೆದೆ, ಬರೆದುಕೊಂಡರು, ಮೊದಲನೆಯವಳಾದೆ. ಇನ್ನು ಬಳ್ಳಾರಿಗೆ, ಜಿಲ್ಲೆಯ ಕೂಟಕ್ಕೆ ಹೋಗಬೇಕು.

ಮನೆಯಲ್ಲಿ ಯಜಮಾನಿಕೆ ದೊಡ್ಡಪ್ಪನದು. ಅಪ್ಪ ಅವನೆದುರು ಬಾಯಿ ಬಿಡುತ್ತಿರಲಿಲ್ಲ. ದೊಡ್ಡಪ್ಪ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಳ್ಳುತ್ತಾ, ತಲೆ ಎತ್ತದೆ ಹೇಳಿದ: "ನಾಡದು ನಾಟಿ ಐತಿ. ನಾಳೆ ಹೋಗಿ ನಾಳೇನ ಬರಬೇಕು. ಕೈಯಾಗ ಏನರ ಹಿಡಕೊಂಡು ಬಂದ್ರ ಮುಂದಿನ ವರ್ಷಾನೂ ಹೋಗು. ಬರಿಗೈಲೆ ಬಂದ್ರ ಆಟ ಇಲ್ಲಿಗೆ ಮುಗೀತು. ಆಮ್ಯಾಲೆ ನನ್ನ ಮುಂದ ಅಳಂಗಿಲ್ಲ."

"ನಾ ಯಾಕ ಅಳಲಿ?" ಅಂದೆ. ಅವ್ವ ಒಳಗಿನಿಂದ ಕಣ್ಣು ಕೆಕ್ಕರಿಸಿದಳು.

ಬಳ್ಳಾರಿಯ ಆ ಮೈದಾನಕ್ಕೆ ಕಾಲಿಟ್ಟಾಗ ನನಗೆ ಮೊದಲು ತಟ್ಟಿದ್ದು ವಾಸನೆ: ಒದ್ದೆ ಮಣ್ಣು, ಹಸಿ ಸುಣ್ಣ, ಗೇಟಿನ ಹೊರಗೆ ಎಣ್ಣೆಯಲ್ಲಿ ಬೇಯುತ್ತಿದ್ದ ಮಿರ್ಚಿ. ಅದೇ ಊರಿನ ಸತ್ಯನಾರಾಯಣಪೇಟೆಯ ಕಡೆಯಿಂದ ಬಂದ ಹುಡುಗಿಯರಿಗೆ ಒಂದೇ ಬಣ್ಣದ ಬನಿಯನ್ನು, ಬಿಳಿ ಬೂಟು. ನಾನು ಅಣ್ಣನ ಹಳೆಯ ಚಡ್ಡಿಯ ಮೇಲೆ ಶಾಲೆಯ ಲಂಗ ತೊಟ್ಟು ಬರಿಗಾಲಲ್ಲಿದ್ದೆ. ಲೆಕ್ಕದ ಸರ್ ಹುಡುಗರ ಕಬಡ್ಡಿಗೆಂದು ಮೈದಾನದ ಆ ತುದಿಗೆ ಹೋಗಿಬಿಟ್ಟರು. ಹೋಗುವಾಗ, "ಗೆರಿ ತುಳೀಬ್ಯಾಡ" ಎಂದಷ್ಟೇ ಅಂದರು.

ನನ್ನ ಹೆಸರು ಕರೆದರು. ಸುಣ್ಣದ ದುಂಡು ಗೆರೆಯೊಳಗೆ ನಿಂತೆ. ಬೀಸಿದೆ. ಬಿಲ್ಲೆ ಕೈಬಿಟ್ಟ ಕೂಡಲೇ ನನಗೆ ಗೊತ್ತಾಯಿತು, ಈರಮ್ಮನ ಸಾಲನ್ನೂ ದಾಟಿ ಹೋಗುವ ಎಸೆತ ಅದು. ಎಲ್ಲರ ಗುರುತುಗಳ ಆಚೆ ಹೋಗಿ ಒದ್ದೆ ನೆಲದಲ್ಲಿ ಅಂಚು ಊರಿ ನಿಂತಿತು. ಯಾರೋ ಸಿಳ್ಳೆ ಹಾಕಿದರು. ನಾನು ಬದುವಿನ ಮೇಲೆ ನಡೆಯುವ ಹಾಗೆ ನಿರಾಳವಾಗಿ ಮುಂದಕ್ಕೆ ನಡೆದೆ.

ಕೆಂಪು ಬಾವುಟ ಮೇಲೆದ್ದಿತು. "ಫೌಲ್."

ಯಾಕೆಂದು ಯಾರೂ ಹೇಳಲಿಲ್ಲ. ಎರಡನೆಯ ಸಲ ಗೆರೆಯಿಂದ ಒಂದು ಗೇಣು ಹಿಂದೆಯೇ ನಿಂತು ಎಸೆದೆ, ಮತ್ತೆ ಮುಂದಕ್ಕೆ ನಡೆದೆ. ಮತ್ತೆ ಕೆಂಪು ಬಾವುಟ.

"ಯಾಕ್ರೀ ಸರ್? ನಾ ಗೆರಿ ತುಳಿದಿಲ್ಲ."

"ಹಿಂದಕ್ಕ ಹೋಗಮ್ಮ, ಬ್ಯಾರೇದವರು ಕಾಯಾಕತ್ಯಾರ" ಎಂದರು ಬಾವುಟದವರು.

ಸಾಲಿನಲ್ಲಿ ನನ್ನ ಹಿಂದಿದ್ದವಳು ಕುರುಗೋಡಿನ ಶಾಹೀನಾ. ಅಲ್ಲಿಯವರೆಗಿನ ಲೆಕ್ಕದಲ್ಲಿ ಅವಳೇ ಮುಂದಿದ್ದಳು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಆದರೆ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಲೇ, ಒಗದಾದ ಮ್ಯಾಲೆ ಮುಂದ ಹೋಗ್ತಿಯಲ್ಲ, ಅದಾ ತಪ್ಪು. ಬಿಲ್ಲಿ ನೆಲಕ್ಕ ಬೀಳೋತನಕ ನಿಂದ್ರು. ಆಮ್ಯಾಲೆ ಹಿಂದ್ಲಿಂದ ಹೊರಗ ಬಾ."

ಆರು ವರ್ಷ ಬದು ಕಲಿಸಿದ ಹೆಜ್ಜೆ ಒಂದು ನಿಮಿಷದಲ್ಲಿ ಮರೆಯುವಂಥದ್ದೇ? ಮೂರನೆಯ ಸಲ ಕಾಲನ್ನು ನೆಲಕ್ಕೆ ಹೊಲಿದಂತೆ ಊರಿ ನಿಂತೆ. ಮನಸ್ಸೆಲ್ಲ ಕಾಲಿನಲ್ಲೇ ಇತ್ತು, ತೋಳಿಗೆ ಬಲವೇ ಬರಲಿಲ್ಲ. ಬಿಳಿ ಬಾವುಟ ಎದ್ದಿತು, ಟೇಪು ಹಿಡಿದರು, ನಾನು ನಾಲ್ಕನೆಯವಳಾದೆ. ನಾಲ್ಕನೆಯವಳಿಗೆ ಏನೂ ಕೊಡುವುದಿಲ್ಲ. ಶಾಹೀನಾ ಮೊದಲನೆಯವಳು.

ಅಳು ಬರಲಿಲ್ಲ, ಸಿಟ್ಟು ಬಂತು. ಬಾವುಟದವರ ಮುಂದೆ ಹೋಗಿ ನಿಂತೆ. "ಸರ್, ನಂದು ಮೊದ್ಲನೇದು ಅಳೀರಿ."

"ಫೌಲ್ ಆದದ್ದನ್ನ ಅಳಿಯಂಗಿಲ್ಲ."

"ಬರಕೋಬ್ಯಾಡ್ರಿ. ಬರೇ ಅಳೀರಿ, ಎಷ್ಟು ಐತಿ ಹೇಳ್ರಿ."

"ತಲಿ ಕೆಟ್ಟೈತೇನಮ್ಮ ನಿನಗ?" ಎಂದು ಟೇಪು ಸುತ್ತಿಕೊಂಡು ಹೋದರು.

ಬಿಲ್ಲೆ ನೆಲದಲ್ಲಿ ಮಾಡಿದ ಗುಳಿ ಹಾಗೇ ಇತ್ತು. ನಾನು ವೃತ್ತದ ಅಂಚಿಗೆ ಹಿಮ್ಮಡಿ ಇಟ್ಟು, ಪಾದಕ್ಕೆ ಪಾದ ಕೂಡಿಸುತ್ತಾ ನಡೆದೆ. ಕುಂಟಾಬಿಲ್ಲೆಯ ಮನೆಗಳನ್ನು ನಾವು ಅಳೆಯುತ್ತಿದ್ದದ್ದು ಹಾಗೆಯೇ. ಶಾಹೀನಾ ಪಕ್ಕದಲ್ಲಿ ನಡೆಯುತ್ತಾ ಎಣಿಸಿದಳು. ನೂರಾ ಹನ್ನೊಂದು. ಆಮೇಲೆ ಅವಳ ಗುರುತಿನವರೆಗೂ ನಡೆದೆವು. ತೊಂಬತ್ತೆಂಟು. ಅವಳು ತನ್ನ ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಬಿಚ್ಚಿ ಅರ್ಧ ಮಿರ್ಚಿ ಮುರಿದು ಕೊಟ್ಟಳು. "ನಿಂದಾ ದೂರ ಹೋಗಿತ್ತಂತ ನಾ ಎಲ್ಲಿ ಬೇಕಾದ್ರೂ ಹೇಳ್ತೀನಿ" ಅಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಬಂತು ಎಂದು ಈಗಲೂ ವಾದಿಸುತ್ತೇನೆ.

ಸಂಜೆ ಮನೆಗೆ ಬಂದಾಗ ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತಿದ್ದ. "ಏನು ತಂದಿ?"

"ನೂರಾ ಹನ್ನೊಂದು ಪಾದ. ಎಲ್ಲಾರಕಿಂತ ದೂರ."

"ಕಾಗದ ಎಲ್ಲಿ?"

"ಕಾಗದ ಕೊಡಲಿಲ್ಲ."

"ಅಂದ್ರ ಬರಿಗೈ. ಮುಗೀತು, ಕೈಕಾಲು ತೊಳಕೊಂಡು ಉಣ್ಣು ಹೋಗು" ಅಂದ. ಬೈದಿದ್ದರೆ ಜಗಳವಾಡಬಹುದಿತ್ತು. ಅವನು ಬೈಯಲಿಲ್ಲ, ಅದೇ ನನ್ನನ್ನು ಉರಿಸಿತು.

ಮರುದಿನ ನಾಟಿ. ಹೆಂಗಸರು ಕೆಸರಿಗಿಳಿದರು. ನಾನು ಸಸಿ ಗುಡ್ಡೆಯ ಪಕ್ಕದಲ್ಲಿ, ಬದುವಿನ ಮೇಲೆ ಕಾಲು ಚಾಚಿ ಕುಳಿತೆ.

"ಒಗಿಯವ್ವ" ಎಂದ ದೊಡ್ಡಪ್ಪ.

"ಒಗಿಯಂಗಿಲ್ಲ. ನಿನ್ನೆ ಇದ ಕೈ ನಿನಗ ಬರಿಗೈ ಆಗಿತ್ತು. ಬರಿಗೈಲೆ ಏನು ಒಗೀಲಿ?"

ಕೆಸರಿನಲ್ಲಿ ಹನ್ನೆರಡು ಬೆನ್ನುಗಳೂ ಅಲುಗಾಡದೆ ನಿಂತವು. ದೊಡ್ಡಪ್ಪ ನನ್ನನ್ನು ಹೊಡೆಯಲೆಂದು ಕೈ ಎತ್ತಿದವನು, ಎಲ್ಲರೂ ನೋಡುತ್ತಿರುವುದನ್ನು ಕಂಡು ಅದೇ ಕೈಯಿಂದ ಒಂದು ಸಸಿಕಟ್ಟು ಎತ್ತಿಕೊಂಡ. "ಇದೇನು ದೊಡ್ಡ ವಿದ್ಯೆ!" ಎಂದು ಬೀಸಿದ. ಮೊದಲನೆಯದು ಅವನ ಕಾಲ ಬುಡದಲ್ಲೇ ಬಿತ್ತು. ಎರಡನೆಯದು ಗಾಳಿಯಲ್ಲೇ ಬಿಚ್ಚಿಕೊಂಡು ಸಸಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಮೂರನೆಯದು ಹೋಗಿ ಈರಮ್ಮನ ಬೆನ್ನಿಗೇ ಬಡಿಯಿತು.

ಈರಮ್ಮ ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿ ತಿರುಗಿದಳು. ಮುಖಕ್ಕೆ ಸಿಡಿದ ಕೆಸರನ್ನು ಒರೆಸಿಕೊಳ್ಳಲೂ ಇಲ್ಲ. "ಯಜಮಾನ್ರ, ಹುಡುಗಿ ಏನು ಕೇಳ್ತಾಳ?"

"ಮುಂದಿನ ವರ್ಷಾನೂ ಆಟಕ್ಕ ಹೋಗ್ತಾಳಂತ."

"ಹೋಗ್ಲಿ ಬಿಡ್ರಿ. ಇಲ್ಲಾಂದ್ರ ನೀವು ನಮ್ಮ ಬೆನ್ನಿಗೆ ಒಗೀರಿ, ನಾವು ಬದು ಹತ್ತಿ ಮನಿಗೆ ಹೋಗ್ತೀವಿ."

ಒಬ್ಬಳು ನಕ್ಕಳು. ಆಮೇಲೆ ಹನ್ನೆರಡೂ ಜನ ನಕ್ಕರು. ಅತ್ತ ಕಾಲುವೆಯ ನೀರಿನ ಸರದಿ ಮುಗಿಯುತ್ತಿತ್ತು, ಇತ್ತ ಸಸಿ ಬಾಡುತ್ತಿತ್ತು. ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಎಲ್ಲಿಗರ ಹೋಗು ಮಾರಾಯ್ತಿ, ಈಗ ಒಗಿ" ಅಂದ.

"ಎಲ್ಲಾರ ಮುಂದ ಹೇಳಿದಿ, ನೆನಪಿರಲಿ" ಎಂದು ಎದ್ದೆ. ಆ ದಿನ ಒಂದೊಂದು ಕಟ್ಟು ಎಸೆದಾಗಲೂ ಮುಂದೆ ಹೋಗಲು ತುಡಿಯುವ ಕಾಲನ್ನು ತಡೆದು, ಒಂದು ಹೆಜ್ಜೆ ಹಿಂದಿಟ್ಟು, ಆಮೇಲೆ ಮುಂದಿನ ಗುಡ್ಡೆಗೆ ನಡೆದೆ. ಕೆಲಸ ತಡವಾಯಿತು. "ಇದೇನು ಕುಣಿತ ಅಮ್ಮಾಯಿ?" ಎಂದು ಈರಮ್ಮ ರೇಗಿಸಿದಳು. ಸಂಜೆಯ ಹೊತ್ತಿಗೆ ಕಾಲು ಮಾತು ಕೇಳತೊಡಗಿತ್ತು. ಮುಂದಿನ ವರ್ಷ ಬಳ್ಳಾರಿಯಿಂದ ಎರಡನೆಯ ಸ್ಥಾನದ ಕಾಗದ ತಂದು ದೊಡ್ಡಪ್ಪನ ಕೈಗೇ ಕೊಟ್ಟೆ. ಅವನು ಅದನ್ನು ತಲೆಕೆಳಗಾಗಿ ಹಿಡಿದು ಓದಿ, ಗೋಡೆಗೆ ತಾನೇ ಮೊಳೆ ಹೊಡೆದ.

ಈಗ ನಾನು ರೂಪನಗುಡಿಯ ಕಡೆ ಒಂದು ಶಾಲೆಯಲ್ಲಿ ಆಟದ ಮೇಡಂ. ನಮ್ಮ ಹೊಲಕ್ಕೆ ನಾಟಿಯ ಯಂತ್ರ ಬಂದಿದೆ, ಸಸಿ ತಟ್ಟೆಗಳಲ್ಲಿ ಬರುತ್ತದೆ, ಎಸೆಯುವುದಕ್ಕೆ ಏನೂ ಉಳಿದಿಲ್ಲ. ಈರಮ್ಮ ತೀರಿಕೊಂಡು ಬಹಳ ದಿನವಾಯಿತು. ಶಾಹೀನಾ ಮದುವೆಯಾಗಿ ಯಾವ ಊರಿಗೆ ಹೋದಳೋ, ಕುರುಗೋಡಿನಲ್ಲಿ ಎರಡು ಸಲ ವಿಚಾರಿಸಿದರೂ ತಿಳಿಯಲಿಲ್ಲ. ನನ್ನ ಹುಡುಗಿಯರಿಗೆ ಬೂಟಿವೆ, ನಿಯಮಗಳೆಲ್ಲ ಬಾಯಿಪಾಠ ಇವೆ. ಎಸೆದ ಮೇಲೆ ಅಚ್ಚುಕಟ್ಟಾಗಿ ಹಿಂದಿನಿಂದ ಹೊರಬರುತ್ತಾರೆ. ಆದರೆ ಅವರ ತೋಳಲ್ಲಿ ಆ ಬೀಸು ಇಲ್ಲ. ಅದನ್ನು ಹೇಗೆ ಕಲಿಸುವುದೆಂದು ನನಗೂ ಗೊತ್ತಿಲ್ಲ, ಏಕೆಂದರೆ ನನಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಕೂಟಗಳಲ್ಲಿ ಬಾವುಟ ನನ್ನ ಕೈಯಲ್ಲೇ ಇರುತ್ತದೆ. ತಪ್ಪಾದರೆ ಕೆಂಪನ್ನೇ ಎತ್ತುತ್ತೇನೆ, ಯಾಕೆಂದು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಮೈದಾನ ಖಾಲಿಯಾದಾಗ, ಆ ಹುಡುಗಿಯನ್ನು ಕರೆದು, ಅವಳ ಗುಳಿಯವರೆಗೆ ಪಾದಕ್ಕೆ ಪಾದ ಕೂಡಿಸಿ ನಡೆಸುತ್ತೇನೆ. ಫೌಲನ್ನು ಟೇಪಿನಲ್ಲಿ ಅಳೆಯಬಾರದೆಂದು ನಿಯಮ. ಪಾದದಲ್ಲಿ ನಡೆಯಬಾರದೆಂದು ಯಾವ ಪುಸ್ತಕದಲ್ಲೂ ಇಲ್ಲ.

ನನ್ನ ನೂರಾ ಹನ್ನೊಂದು ಎಷ್ಟು ಮೀಟರು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಹೇಳಲಾರೆ. ಅದನ್ನು ಅಳೆದದ್ದು ಹದಿನಾಲ್ಕು ವರ್ಷದ ಪಾದ. ಆ ಪಾದ ಬೆಳೆದು ಈ ಪಾದವಾಯಿತು, ಆ ಗುಳಿಯ ಮೇಲೆ ಈಗ ಕೆಂಪು ರಬ್ಬರಿನ ಟ್ರ್ಯಾಕು ಹಾಸಿದ್ದಾರೆ. ಇನ್ನು ಯಾರು ಬಂದರೂ ಅದನ್ನು ಅಳೆಯಲಾಗದು. ಆದರೂ ಅದು ಎಲ್ಲರಿಗಿಂತ ದೂರ ಹೋಗಿತ್ತು. ಇಲ್ಲ ಎನ್ನುವವರು ನನ್ನೆದುರು ಬಂದು ಹೇಳಲಿ.