ದೀಪಾ ಆರಸ್ರಿ ಎಂದವಳು

ಜತ್ತ ತಾಲೂಕಿನ ಯಳವಿ ಎಂಬ ಊರಿನಲ್ಲಿ ಮಾಯಕ್ಕನ ಧ್ವನಿ ಗೊತ್ತಿಲ್ಲದವರಿಲ್ಲ. ಈ ಬದುವಿನಲ್ಲಿ ನಿಂತು ಅವಳು ಕರೆದರೆ ಆಚೆಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು. ಆ ಧ್ವನಿಯೇ ಅವಳಿಗೊಂದು ಸರಕಾರಿ ಕೆಲಸ ಕೊಡಿಸಿತು. ಸಂಬಳವಿಲ್ಲದ ಕೆಲಸ.

ಅದು ಎಪ್ಪತ್ತೊಂದರ ಯುದ್ಧದ ಕಾಲ. ಅವಳು ಪಂಡಿತನನ್ನು ಮದುವೆಯಾಗಿ ಊರಿಗೆ ಬಂದ ಹೊಸತು. ಜತ್ತದಿಂದ ಬಂದ ಹವಾಲ್ದಾರನೊಬ್ಬ ಚಾವಡಿಯ ಮುಂದೆ ಜನರನ್ನು ಕೂಡಿಸಿದ. ಯುದ್ಧದ ಕಾಯ್ದೆ ಬಂದಿದೆ, ಹೊತ್ತು ಮುಳುಗಿದ ಮೇಲೆ ಯಾರ ಮನೆಯ ಬೆಳಕೂ ಹೊರಗೆ ಕಾಣಬಾರದು, ಮನೆಮನೆಗೆ ಹೋಗಿ ಹೇಳಲು ಒಬ್ಬರು ಬೇಕು ಎಂದ. ಕೆಳಗಿನ ಓಣಿಯ ಗಂಡಸರೆಲ್ಲ ಕಬ್ಬು ಕಡಿಯಲು ಹೋಗಿದ್ದರು. ಮೇಲಿನ ಓಣಿಯವರಿಗೆ ಬಾಗಿಲು ಬಾಗಿಲು ತಿರುಗುವುದು ಮರ್ಯಾದೆಗೆ ಕಡಿಮೆ. ಗುಂಪಿನಲ್ಲಿ ಯಾರೋ ಚೇಷ್ಟೆ ಮಾಡಿದರು.

"ಮಾಯಕ್ಕನ್ನ ನೇಮಸ್ರಿ ಸಾಹೇಬ್ರ. ಆಕಿಗಿ ಊದೂ ಶಿಟ್ಟೀನೂ ಬೇಕಾಗಂಗಿಲ್ಲ."

ಎಲ್ಲರೂ ನಕ್ಕರು. ಹವಾಲ್ದಾರ ನಗಲಿಲ್ಲ. ಅವಳ ತೋಳಿಗೊಂದು ಕೆಂಪು ಪಟ್ಟಿ ಕಟ್ಟಿಸಿ, "ಯಾರ ಬಾಗಲಕ್ಕ ಬೇಕಾದ್ರೂ ಹೋಗು. ನಿನ್ನ ತಡಿಯೂ ಹಕ್ಕ ಯಾರಿಗೂ ಇಲ್ಲ" ಎಂದ.

ಅವಳದು ಕೆಳಗಿನ ಓಣಿಯಲ್ಲಿ, ಬೌದ್ಧಧರ್ಮ ಸೇರಿದ ದಲಿತರ ಮನೆ. ಆ ಕಾಲಕ್ಕೆ ಅವಳ ಓಣಿಯವರು ದುಡಿಯಲು ಹೋದರೂ ಮೇಲಿನ ಓಣಿಯ ಮನೆಗಳ ಹಿತ್ತಲಿನಲ್ಲೇ ನಿಲ್ಲುತ್ತಿದ್ದರು. ಮುಂಬಾಗಿಲ ಕಟ್ಟೆ ಏರಿದವರು ಒಬ್ಬರೂ ಇರಲಿಲ್ಲ. ಮೊದಲ ಸಂಜೆಯೇ ಮಾಯಕ್ಕ ಅಣ್ಣಾರಾಯ ಸಾವಕಾರರ ಕಟ್ಟೆ ಏರಿದಳು. ಹೊಲದಲ್ಲಿ ಕರೆಯುವ ಧ್ವನಿಯಲ್ಲೇ ಕೂಗಿದಳು.

"ದೀಪಾ ಆರಸ್ರೀ!"

ಸಾವಕಾರರು ಎದ್ದು ಬಂದರು. "ಕಟ್ಟಿ ಏರಾಕ ಯಾರ ಹೇಳಿದ್ರ ನಿನಗ?"

"ಸರಕಾರ ಹೇಳೇತ್ರಿ ಸಾವಕಾರ್ರ."

ಅವರು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಯಾರೋ ಉಫ್ ಎಂದು ಕಂದೀಲು ಊದಿಬಿಟ್ಟರು. ಕತ್ತಲಲ್ಲಿ ಎಳೆಯ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಅವಳು ಆ ಮನೆಯ ಹೊಸ ಸೊಸೆ ಸಿದ್ದಲಿಂಗವ್ವ. ಸಾವಕಾರರು ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಕತ್ತಲಲ್ಲೇ ನಿಂತರು.

ಯುದ್ಧ ಮುಗಿಯಿತು. ಇನ್ನು ದೀಪ ಹಚ್ಚಬಹುದೆಂದು ಹೇಳಲು ಮಾಯಕ್ಕ ಒಂದು ಸಂಜೆ ತಿರುಗಿದಳು. ಮರುದಿನವೂ ತಿರುಗಿದಳು. ಸಾಕು ಮಾಡು ಎಂದು ಹೇಳಲು ಜತ್ತದಿಂದ ಯಾರೂ ಬರಲಿಲ್ಲ. ಈಗ ಅವಳು ನಿಲ್ಲುತ್ತಿದ್ದುದು ದೀಪ ಕಾಣದ ಮನೆಯ ಮುಂದೆ. "ಯಾಕ್ರಿ, ಕತ್ತಲ್ಯಾಗ ಕುಂತೀರಿ? ಆರಾಮ ಅದೀರಿಲ್ಲ?" ಎಂದು ಕೇಳುವಳು. ಯುದ್ಧ ಮುಗಿದಿದೆಯಲ್ಲ ಎಂದು ಯಾರಾದರೂ ಗೊಣಗಿದರೆ, "ಯುದ್ಧ ಮುಗದೇತ್ರಿ, ಕಾಯ್ದೆ ಮುಗದಿಲ್ಲ" ಎನ್ನುವಳು. ಗೊಣಗುವವರು ಬರಬರುತ್ತ ಕಡಿಮೆಯಾದರು. ಬಾಣಂತಿಯರಿದ್ದ ಮನೆಯವರು, ಹಾಸಿಗೆ ಹಿಡಿದವರು ಅವಳ ದಾರಿಯನ್ನೇ ಕಾಯತೊಡಗಿದರು.

ಎಷ್ಟೋ ವರ್ಷಗಳ ಮೇಲೆ ಒಂದು ಸಂಜೆ ಸಾವಕಾರರ ಮನೆಯಲ್ಲಿ ಬೆಳಕಿರಲಿಲ್ಲ. ಸಾವಕಾರರೊಬ್ಬರನ್ನು ಬಿಟ್ಟು ಮನೆಮಂದಿಯೆಲ್ಲ ಶೇಗಾಂವದ ಮದುವೆಗೆ ಹೋಗಿದ್ದರು. ಮಾಯಕ್ಕ ಕಟ್ಟೆಯ ಮೇಲಿಂದ ಕರೆದಳು. ಒಳಗಿಂದ ನರಳುವ ದನಿ ಬಂತು. ಅವಳು ಹೊಸ್ತಿಲು ದಾಟಿದಳು. ನೀರುಕೋಣೆಯಲ್ಲಿ ಜಾರಿ ಬಿದ್ದಿದ್ದ ಮುದುಕನನ್ನು ಎತ್ತಿ, ಎದೆಗೆ ಆನಿಸಿಕೊಂಡು, ಊರು ಕೇಳುವಂತೆ ಕೂಗಿದಳು. ತೊಡೆಯ ಎಲುಬು ಮುರಿದಿತ್ತು. ಸಾವಕಾರರು ಬದುಕಿದರು. ಮುಂದೆ ಅವಳು ಬಂದಾಗಲೆಲ್ಲ ಅವರು ಮಂಚದಿಂದಲೇ, "ಬಾರವ್ವ, ಒಳಗ ಬಾ" ಎನ್ನುತ್ತಿದ್ದರು. ಆದರೂ ಅವಳು ಕಟ್ಟೆಯ ಮೇಲೆಯೇ ಕೂಡುತ್ತಿದ್ದಳು. ಸಿದ್ದಲಿಂಗವ್ವ ಚಹಾ ಹಿಡಿದುಕೊಂಡು ಹೊರಗೆ ಬಂದು, ಅವಳ ಪಕ್ಕ ಕೂತು ಹರಟುತ್ತಿದ್ದಳು.

ಪಂಡಿತ ತೀರಿಹೋದ. ಸಾವಕಾರರೂ ಹೋದರು. ಮಾಯಕ್ಕ ಎಪ್ಪತ್ತು ದಾಟಿದಳು. ಈಚೆಗೆ ಒಂದು ಮಧ್ಯಾಹ್ನ ಸೊಸೆ ಕಾಂಚನ ಮೊಬೈಲಿನಲ್ಲಿ ಸುದ್ದಿ ನೋಡುತ್ತ ಕುಳಿತವಳು, "ಅತ್ತಿ, ಯುದ್ಧದ ಕಾಲದ ಹಳೀ ಕಾಯ್ದೆ ಎಲ್ಲಾ ನಮ್ಮ ರಾಜ್ಯ ಸರಕಾರ ರದ್ದ ಮಾಡೇತಂತ. ದೀಪಾ ಆರಸೂದೂ ಅದರಾಗ ಬಂತು ನೋಡ್ರಿ. ಇನ್ನ ನಿಮಗ ರಿಟಾಯರ್!" ಎಂದು ನಕ್ಕಳು.

ಮಾಯಕ್ಕನೂ ನಕ್ಕಳು. ಆದರೆ ಆ ಸಂಜೆ ಅವಳು ಏಳಲಿಲ್ಲ. ಗೋಡೆಗೊರಗಿ ಕೂತೇ ಇದ್ದಳು. ಆ ಕೆಂಪು ಪಟ್ಟಿ ಬಿಚ್ಚಿಕೊಂಡ ಹಾಗೆ ತೋಳು ಬರಿದೆನಿಸಿತು. ಐವತ್ತು ವರ್ಷ ಮೇಲಿನ ಓಣಿಗೆ ಹೋಗಿದ್ದು ತಾನೋ, ಆ ಕಾಯ್ದೆಯೋ? ಯಾವ ಕೆಲಸವೂ ಇಲ್ಲದೆ ಬರಿ ಮಾಯಕ್ಕಳಾಗಿ ಹೋಗಿ ನಿಂತರೆ ಏನು ಅಂದಾರು?

ಮೂರನೆಯ ಸಂಜೆ ಅಂಗಳದಲ್ಲಿ ಕೋಲು ಊರುವ ಸಪ್ಪಳವಾಯಿತು. ಮಂಡಿನೋವಿನ ಸಿದ್ದಲಿಂಗವ್ವ ಏದುಸಿರು ಬಿಡುತ್ತ ನಿಂತಿದ್ದಳು. ಕೆಳಗಿನ ಓಣಿಗೆ ಆಕೆ ಬಂದದ್ದು ಅದೇ ಮೊದಲು.

"ಸತ್ತೀಯೋ ಇದ್ದೀಯೋ ನೋಡಾಕ ಬಂದೆ. ಎರಡ ದಿನಾತು, ಯಾಕ ಬಂದಿಲ್ಲ?"

"ಕಾಯ್ದೆ ರದ್ದಾತ್ರಿ ಅಕ್ಕಾರ. ಇನ್ನ ಯಾವ ಹಕ್ಕಿಲೆ ಬರ್ಲಿ?"

"ಹುಚ್ಚೀ! ನಾ ದಿನಾ ಚಹಾಕ್ಕ ಇಟ್ಟಿದ್ದು ಯಾವ ಕಾಯ್ದೆ ನೋಡಿ?" ಸಿದ್ದಲಿಂಗವ್ವನ ಕಣ್ಣು ತುಂಬಿದವು. "ನಮ್ಮ ಮಾವನವ್ರು ಕರದ್ರೂ ಒಳಗ ಬರಲಿಲ್ಲ ನೀ. ನಾ ಏನ ತಪ್ಪ ಮಾಡೇನಿ?"

ಮಾಯಕ್ಕ ಎದ್ದು ಗೆಳತಿಯ ಕೈ ಹಿಡಿದು, "ಬರ್ರಿ, ಒಳಗ ಕುಂದ್ರಿ" ಎಂದಳು. ಸಿದ್ದಲಿಂಗವ್ವ ಹೊಸ್ತಿಲು ದಾಟಿ, ಬುದ್ಧನ ಫೋಟೋದ ಕೆಳಗೆ ಕಾಲು ಚಾಚಿ ಕೂತಳು. ನೀರು ಕೇಳಿ ಕುಡಿದಳು. ರೊಟ್ಟಿ ಬಡಿಯುತ್ತಿದ್ದ ಕಾಂಚನ ಒಂದು ತಟ್ಟೆ ಹೆಚ್ಚಿಗೆ ಹಾಕಿದಳು.

ಮರುದಿನ ಮಾಯಕ್ಕ ಮೇಲಿನ ಓಣಿಗೆ ಹೋದಳು. ಕಟ್ಟೆಯ ಮೇಲೆ ನಿಲ್ಲದೆ ನೆಟ್ಟಗೆ ಅಡುಗೆಮನೆಗೇ ನಡೆದಳು. ಈಗ ಇಬ್ಬರೂ ಒಂದು ಸಂಜೆ ಅಲ್ಲಿ, ಒಂದು ಸಂಜೆ ಇಲ್ಲಿ. ಇಲ್ಲಿದ್ದ ಸಂಜೆ ಕಾಂಚನ ಅವರ ಮುಂದೆ ಮೆಂತೆಪಲ್ಯದ ಕಟ್ಟು ಸುರಿದು ಎಲೆ ಬಿಡಿಸಿ ಸೋಸಲು ಹೇಳುತ್ತಾಳೆ. ಇಬ್ಬರೂ ಪಲ್ಯ ಸೋಸುತ್ತ, ಅವಳ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಂದೇ ದನಿಯಲ್ಲಿ ಕೊಂಕು ತೆಗೆಯುತ್ತಾರೆ.